ಬೀಗ ಬಿದ್ದ ಮನೆಯ ಬೆಲೆ

ದಿನಪತ್ರಿಕೆಯ ಒಳಪುಟಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ಬ್ಯಾಂಕುಗಳ ಹರಾಜು ಪ್ರಕಟಣೆಗಳನ್ನು ಮೊದಲೆಲ್ಲ ಯಾರೂ ಓದುತ್ತಿರಲಿಲ್ಲ. ಈಗ ಓದುವವರಿದ್ದಾರೆ. ಮಕ್ಕಳ ಕಾಲೇಜು ಓದಿಗಾಗಿ ಕೌಜಲಗಿಯಂಥ ಊರಿನಿಂದ ಗೋಕಾಕಕ್ಕೋ ಬೆಳಗಾವಿಗೋ ಮನೆ ಬದಲಿಸಬೇಕೆನ್ನುವ ತಂದೆತಾಯಿಗಳಿಗೆ ಪೇಟೆಯ ಮನೆಗಳ ಬೆಲೆ ಕೇಳಿಯೇ ಎದೆ ಒಡೆಯುತ್ತದೆ. ಹರಾಜಿನ ಮನೆ ಅಗ್ಗವಾಗಿ ಸಿಗಬಹುದೆಂದು ಅವರು ಪ್ರಕಟಣೆಯ ಮೇಲೆ ಕಣ್ಣಾಡಿಸುತ್ತಾರೆ. ಅದರಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: ಸ್ವತ್ತನ್ನು ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಮಾರಲಾಗುವುದು. ಪರಿಶೀಲನೆಗೆ ಒಂದು ದಿನಾಂಕ ಮತ್ತು ವೇಳೆಯನ್ನೂ ಸಾಮಾನ್ಯವಾಗಿ ಕೊಟ್ಟಿರುತ್ತಾರೆ. ಹಾಗಾದರೆ ಆ ಮನೆ ‘ಹೇಗಿದೆ’? ಅದು ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಉತ್ತರಿಸಬೇಕಾದ ಪ್ರಶ್ನೆ.

ಮೊದಲು ಕಾನೂನಿನ ಮಾತು ಸ್ವಲ್ಪ. 2002ರಲ್ಲಿ ಬಂದ ಸರ್ಫೇಸಿ ಕಾಯಿದೆಯ ಪ್ರಕಾರ ಸಾಲ ಕಟ್ಟದವರಿಗೆ ಬ್ಯಾಂಕು 60 ದಿನಗಳ ನೋಟೀಸು ಕೊಡಬೇಕು. ಆ ಮೇಲೂ ಬಾಕಿ ತೀರದಿದ್ದರೆ ಅಡವಿಟ್ಟ ಮನೆಯನ್ನು ವಶಕ್ಕೆ ಪಡೆದು ಮಾರಬಹುದು. ಸಾಗುವಳಿ ಜಮೀನಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಜನ ‘ಬ್ಯಾಂಕಿನ ಮನೆ’ ಎನ್ನುತ್ತಾರೆ. ಅದು ಸರಿಯಾದ ಮಾತಲ್ಲ. ಮನೆ ಬ್ಯಾಂಕಿನ ವಶದಲ್ಲಿರುತ್ತದೆ, ಅಷ್ಟೆ. ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಸಾಲಗಾರ ಪೂರ್ತಿ ಬಾಕಿಯನ್ನು ವೆಚ್ಚಸಮೇತ ಕಟ್ಟಿ ಅದನ್ನು ಉಳಿಸಿಕೊಳ್ಳಬಹುದು. ಮಾರಿದ ಮೇಲೆ ಹಣ ಹೆಚ್ಚಾದರೆ ಅವನಿಗೆ ಮರಳುತ್ತದೆ, ಕಡಿಮೆಯಾದರೆ ಉಳಿದ ಬಾಕಿ ಅವನ ತಲೆಯ ಮೇಲೆಯೇ ಇರುತ್ತದೆ. ಈ ಕೊನೆಯ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು.

ವಶಕ್ಕೆ ಪಡೆದ ದಿನದಿಂದ ಹರಾಜಿನವರೆಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಉರುಳುತ್ತವೆ. ಅಷ್ಟು ಕಾಲವೂ ಬಾಗಿಲಿಗೆ ಬೀಗ, ಬೀಗದ ಮೇಲೆ ಅರಗಿನ ಮುದ್ರೆ, ಗೋಡೆಗೆ ಅಂಟಿಸಿದ ನೋಟೀಸು. ಪರಿಶೀಲನೆಯ ದಿನ ಅಧಿಕಾರಿ ಬಂದು ತುಕ್ಕು ಹಿಡಿದ ಬೀಗದೊಂದಿಗೆ ಗುದ್ದಾಡಿ ಬಾಗಿಲು ತೆಗೆದೊಡನೆ ಮೊದಲು ಎದುರಾಗುವುದು ವಾಸನೆ. ನೋಡಲು ಬಂದವರು ಮುಖ ಮುಖ ನೋಡಿಕೊಳ್ಳುತ್ತಾರೆ. ‘ಈ ಮನೆ ಆ ಕುಟುಂಬಕ್ಕೆ ಆಗಿಬರಲಿಲ್ಲ’ ಎಂದು ಯಾರೋ ಪಿಸುಗುಟ್ಟುತ್ತಾರೆ. ಹಿಂದಿನವರ ಸಾಲಕ್ಕೂ ಈ ವಾಸನೆಗೂ ಯಾವ ಸಂಬಂಧವೂ ಇಲ್ಲ. ಬಚ್ಚಲಿನ ಮತ್ತು ಶೌಚಾಲಯದ ಕೊಳವೆಗಳಲ್ಲಿ ಒಂದು ಬಾಗು ಇರುತ್ತದೆ. ಅದರಲ್ಲಿ ಸದಾ ಸುಮಾರು 50 ಮಿಲಿಮೀಟರ್ ಆಳದ ನೀರು ನಿಂತು ಗಟಾರದ ಗಾಳಿಗೆ ಅಡ್ಡಗಟ್ಟೆಯಾಗಿರುತ್ತದೆ. ಮನೆಯಲ್ಲಿ ಜನ ಇದ್ದರೆ ದಿನವೂ ಈ ನೀರು ಹೊಸದಾಗುತ್ತದೆ. ಬೀಗ ಹಾಕಿದರೆ ಬೇಸಿಗೆಯ ಕೆಲವೇ ವಾರಗಳಲ್ಲಿ ಅದು ಆವಿಯಾಗಿ, ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಮನೆಯೊಳಗೆ ನುಗ್ಗುತ್ತದೆ. ಜಿರಲೆಗಳೂ ಅದೇ ದಾರಿಯಲ್ಲಿ ಬರುತ್ತವೆ. ಇದಕ್ಕೆ ಬೇಕಾದ ಮದ್ದು ತಿಂಗಳಿಗೊಮ್ಮೆ ಪ್ರತಿ ಕೊಳವೆಗೆ ಎರಡು ತಂಬಿಗೆ ನೀರು.

‘ಮನುಷ್ಯರಿಲ್ಲದ ಮನೆ ಬೇಗ ಹಾಳಾಗುತ್ತದೆ’ ಎಂದು ಹಿರಿಯರು ಹೇಳುವುದು ಬರಿಯ ಭಾವನೆಯಲ್ಲ. ಈ ಭಾಗದ ಹಳೆಯ ಮಾಳಿಗೆ ಮನೆಯನ್ನು ನೆನಪಿಸಿಕೊಳ್ಳಿ. ಮಳೆಗಾಲಕ್ಕೆ ಮುಂಚೆ ಮೇಲ್ಮುದ್ದೆಯ ಮೇಲಿನ ಹುಲ್ಲು ಕಿತ್ತು, ಹೊಸ ಮಣ್ಣು ಹಾಕಿ ಗುದ್ದಿ ಗಟ್ಟಿ ಮಾಡುತ್ತಿದ್ದರು. ಒಲೆಯ ಹೊಗೆ ತೊಲೆ ಜಂತಿಗಳನ್ನು ಒಣಗಿಸಿ ಹುಳುಗಳನ್ನು ದೂರವಿಡುತ್ತಿತ್ತು. ದಿನವೂ ಗೋಡೆಯಂಚಿನಲ್ಲಿ ಕಸಬರಿಗೆ ಆಡುವುದರಿಂದ ಗೆದ್ದಲು ಕಟ್ಟುವ ಮಣ್ಣಿನ ಸುರಂಗ ಮೊಳ ಉದ್ದವಾಗುವ ಮೊದಲೇ ಮುರಿಯುತ್ತಿತ್ತು. ಆ ಸುರಂಗದ ತೇವ ತಪ್ಪಿದರೆ ಗೆದ್ದಲು ಬದುಕಲಾರದು. ಇವೆಲ್ಲ ಸಂಸಾರದ ಕೆಲಸಗಳೆನಿಸಿಕೊಂಡವು, ದುರಸ್ತಿ ಎಂದು ಯಾರೂ ಕರೆಯಲಿಲ್ಲ; ಅದಕ್ಕೇ ಅವು ನಿಂತಾಗ ಲೆಕ್ಕಕ್ಕೆ ಬರುವುದಿಲ್ಲ. ಆರ್‌ಸಿಸಿ ಮನೆಯಲ್ಲೂ ಕಥೆ ಇಷ್ಟೇ. ಕಿಟಕಿ ತೆರೆಯದಿದ್ದರೆ ಒಳಗಿನ ತೇವಕ್ಕೆ ಹೊರದಾರಿ ಇಲ್ಲ. ಗೋಡೆ ಒದ್ದೆಯಾಗಿ ಉಳಿದರೆ ಬೂಷ್ಟು ಬರಲು ಹೆಚ್ಚು ದಿನ ಬೇಡ. ಒಂದು ಎಲೆ, ಒಂದು ಪ್ಲಾಸ್ಟಿಕ್ ಚೀಲ ಮಾಳಿಗೆಯ ನೀರಿನ ಬಾಯಿಗೆ ಅಡ್ಡವಾದರೆ ಸಾಕು, ಮಾಳಿಗೆ ಕೆರೆಯಾಗುತ್ತದೆ.

ಆ ನೀರು ಕಾಂಕ್ರೀಟಿನೊಳಗೆ ಇಳಿದಾಗ ಏನಾಗುತ್ತದೆ ಎಂಬುದು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ತಿಳಿಯುವಂಥ ಪಾಠ. ಹೊಸ ಕಾಂಕ್ರೀಟಿನ ಪಿಎಚ್ ಮೌಲ್ಯ 12ಕ್ಕಿಂತ ಹೆಚ್ಚು. ಅಂಥ ಪ್ರತ್ಯಾಮ್ಲೀಯ ಪರಿಸರದಲ್ಲಿ ಕಬ್ಬಿಣದ ಸರಳಿನ ಮೇಲೆ ತೆಳುವಾದ ರಕ್ಷಕ ಪದರವಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಳ ಕಾಲ ನಿಧಾನವಾಗಿ ಒಳಸೇರಿ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಕ್ಯಾಲ್ಸಿಯಂ ಕಾರ್ಬೊನೇಟಾಗಿ ಬದಲಿಸುತ್ತದೆ. ಪಿಎಚ್ 9ರ ಕೆಳಗಿಳಿಯುತ್ತದೆ, ಪದರ ಹೋಗುತ್ತದೆ. ಈ ಕ್ರಿಯೆ ಜನರಿರುವ ಮನೆಯಲ್ಲೂ ನಡೆಯುತ್ತದೆ, ಆದರೆ ಅಲ್ಲಿ ಸೋರಿಕೆ ಕಂಡ ವರ್ಷವೇ ಯಾರಾದರೂ ಸಿಮೆಂಟು ಮೆತ್ತುತ್ತಾರೆ. ಬೀಗ ಬಿದ್ದಲ್ಲಿ ನೀರು ಮತ್ತು ಆಮ್ಲಜನಕ ಎರಡೂ ಸರಳಿಗೆ ಧಾರಾಳವಾಗಿ ಸಿಗುತ್ತವೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುತ್ತದೆ; ಒಳಗಿನಿಂದ ಒತ್ತಿ ಸ್ಲ್ಯಾಬಿನ ಕೆಳಗಿನ ಸಿಮೆಂಟನ್ನು ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ. ನೆಲದ ಮೇಲೆ ಬಿದ್ದ ಕಾಂಕ್ರೀಟ್ ಚಕ್ಕೆಯೊಂದನ್ನು ಅಧಿಕಾರಿಯ ಅನುಮತಿಯಿಂದ ಒಡೆದು, ಹೊಸ ಮುರಿತದ ಮೇಲೆ ಶಾಲೆಯ ಪ್ರಯೋಗಾಲಯದ ಫಿನಾಫ್ಥಲೀನ್ ನಾಲ್ಕು ಹನಿ ಹಾಕಿದರೆ ಉತ್ತರ ಸಿಗುತ್ತದೆ. ಗಾಢ ಗುಲಾಬಿ ಬಂದಲ್ಲಿ ಕಾಂಕ್ರೀಟ್ ಇನ್ನೂ ಪ್ರತ್ಯಾಮ್ಲೀಯ. ಬಣ್ಣ ಬಾರದ ಭಾಗ ಸರಳಿನವರೆಗೂ ಮುಟ್ಟಿದ್ದರೆ ದುರಸ್ತಿಯ ವೆಚ್ಚ ಸಣ್ಣದಲ್ಲ. ಇಂಥ ಮನೆ ನೋಡಲು ಹೋಗುವಾಗ ಹತ್ತನೆಯ ತರಗತಿಯ ಮಗಳನ್ನೋ ಮಗನನ್ನೋ ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಸಿಗಲಾರದು.

ಇನ್ನು ಬಿರುಕುಗಳು. ಈ ಸೀಮೆಯ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿಯಿದೆ. ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಬಿರಿಯುತ್ತದೆ. ಮಾಳಿಗೆಯ ನಳಿಕೆ ಮುರಿದು ಮಳೆಯ ನೀರೆಲ್ಲ ಒಂದೇ ಮೂಲೆಗೆ ಸುರಿದರೆ ಆ ಮೂಲೆಯ ಅಡಿಪಾಯ ಮಾತ್ರ ಮೇಲೇಳುತ್ತದೆ. ಆಗ ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯಿಂದ ಇಟ್ಟಿಗೆಗೆ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಹತ್ತುತ್ತದೆ. ಗಾರೆಯ ಮೇಲಿನ ಕೂದಲೆಳೆಯ ಗೆರೆಗಳಿಗೆ ಹೆದರಬೇಕಿಲ್ಲ. ಈ ಓರೆ ಬಿರುಕಿಗೆ ಹೆದರಬೇಕು. ಗೋಕಾಕದ ತಗ್ಗಿನ ಓಣಿಗಳಲ್ಲಿ ಇನ್ನೊಂದು ಗುರುತನ್ನೂ ಹುಡುಕಬೇಕು. 2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ಪ್ರವಾಹ ಪಟ್ಟಣದೊಳಗೆ ನುಗ್ಗಿತ್ತು. ನೀರು ನಿಂತ ಗೋಡೆಯಲ್ಲಿ ಒಂದೇ ಎತ್ತರಕ್ಕೆ ಅಡ್ಡಗೆರೆ, ಅದರ ಕೆಳಗೆ ಬಿಳಿಯ ಉಪ್ಪಿನ ಹುಡಿ ಕಾಣಬಹುದು. ಬಣ್ಣ ಬಳಿದಿದ್ದರೂ ಕಪಾಟಿನ ಒಳಬದಿಯಲ್ಲಿ, ಬಾಗಿಲಿನ ಹಿಂದೆ ಆ ಗೆರೆ ಉಳಿದಿರುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಯಾರೂ ಮರೆಯಬಾರದು. ವರ್ಷಗಟ್ಟಲೆ ಮುಚ್ಚಿದ ಸೆಪ್ಟಿಕ್ ಟ್ಯಾಂಕು ಅಥವಾ ನೆಲದೊಳಗಿನ ನೀರಿನ ತೊಟ್ಟಿಯ ಮುಚ್ಚಳ ತೆಗೆದು ಬಗ್ಗಿ ನೋಡುವುದಾಗಲಿ, ಕೂಲಿಯವನೊಬ್ಬನನ್ನು ಇಳಿಸುವುದಾಗಲಿ ಕೂಡದು. ನಮ್ಮ ರೈತರಿಗೆ ಹಗೇವಿನ ಅನುಭವವಿದೆ. ಹಗೇವನ್ನು ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಉರಿಯುವ ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಜೋಳದ ಹಗೇವಿಗೆ ಆ ಉಪಾಯ ಸಾಗೀತು. ಸೆಪ್ಟಿಕ್ ಟ್ಯಾಂಕಿಗೆ ಅದೇ ದೀಪ ಯಮದೂತ, ಏಕೆಂದರೆ ಅಲ್ಲಿ ಮೀಥೇನ್ ಇರುತ್ತದೆ, ಸ್ಫೋಟಿಸಬಹುದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುವುದರಿಂದ ‘ವಾಸನೆ ಇಲ್ಲ’ ಎಂಬ ಧೈರ್ಯವೂ ಸುಳ್ಳು. 2013ರ ಕಾಯಿದೆಯಂತೆ ರಕ್ಷಣಾ ಸಾಧನಗಳಿಲ್ಲದೆ ಅಲ್ಲಿಗೆ ಮನುಷ್ಯನನ್ನು ಇಳಿಸುವುದು ಶಿಕ್ಷಾರ್ಹ ಅಪರಾಧವೂ ಹೌದು. ಹಾಗೆಯೇ ವಿದ್ಯುತ್ ಮೇನ್ ಸ್ವಿಚ್ಚನ್ನು ಒತ್ತಿ ನೋಡುವ ಉತ್ಸಾಹವೂ ಬೇಡ; ಇಲಿ ಕಡಿದ ತಂತಿ ಗೋಡೆಯೊಳಗೆ ಕಾಣುವುದಿಲ್ಲ.

ಕೆಲವೆಡೆ ಪರಿಶೀಲನೆಯ ಮುನ್ನಾದಿನ ಸುಣ್ಣ ಬಣ್ಣ ಆಗುತ್ತದೆ. ಅದು ಮನೆಯನ್ನು ತೋರಿಸುವುದಲ್ಲ, ಮುಚ್ಚುವುದು. ಒದ್ದೆ ಗೋಡೆಯನ್ನು ಒದ್ದೆ ಎಂದೇ ತೋರಿಸಿ, ಮಾಳಿಗೆಗೂ ಹತ್ತಿಸಿ, ಬಾಕಿ ಬಿಲ್ಲುಗಳನ್ನು ಮುಂದಿಡುವ ಅಧಿಕಾರಿಯೇ ಬ್ಯಾಂಕಿಗೂ ಒಳ್ಳೆಯದು ಮಾಡುತ್ತಾನೆ. ಕತ್ತಲೆ ಕೋಣೆಯಲ್ಲಿ ಏನಿದೆಯೋ ತಿಳಿಯದ ಖರೀದಿದಾರ ಇರುವ ಹಾನಿಗಿಂತ ದೊಡ್ಡ ಹಾನಿಯನ್ನು ಊಹಿಸಿ ಬೆಲೆ ಇಳಿಸುತ್ತಾನೆ. ಇಳಿದ ಆ ಬೆಲೆಯನ್ನು ಕೊನೆಗೆ ತುಂಬುವವನು ಯಾರು? ಹಾನಿ ಎರಡು ಲಕ್ಷ ರೂಪಾಯಿಯಾಗಿ, ಹರಾಜಿನ ಹಣ ಬಾಕಿಗೆ ಸಾಲದಿದ್ದರೆ, ಆ ಎರಡು ಲಕ್ಷವೂ ಬಾಡಿಗೆ ಮನೆ ಸೇರಿರುವ ಹಳೆಯ ಸಾಲಗಾರನ ಖಾತೆಗೆ ಬೀಳುತ್ತದೆ. ಒಂದು ನಳಿಕೆಯ ಕಸ ತೆಗೆಯದ್ದಕ್ಕೆ, ಬೀಗದ ಕೈಯೇ ತನ್ನ ಬಳಿ ಇಲ್ಲದವನು ದಂಡ ಕಟ್ಟುತ್ತಾನೆ.

ನಿಯಮಗಳು ಈ ವಿಷಯದಲ್ಲಿ ಮೌನವಾಗಿಲ್ಲ. 2002ರ ಭದ್ರತಾ ಹಿತಾಸಕ್ತಿ ಜಾರಿ ನಿಯಮಗಳಲ್ಲಿ 8ನೆಯ ನಿಯಮದ ಪ್ರಕಾರ, ವಶದಲ್ಲಿಟ್ಟುಕೊಂಡವರು ಸಾಮಾನ್ಯ ವಿವೇಕವುಳ್ಳ ಮಾಲೀಕ ತನ್ನ ಸ್ವತ್ತನ್ನು ನೋಡಿಕೊಳ್ಳುವಷ್ಟೇ ಜಾಗ್ರತೆಯಿಂದ ಅದನ್ನು ನೋಡಿಕೊಳ್ಳಬೇಕು; ಮಾರುವವರೆಗೆ ಸಂರಕ್ಷಿಸಬೇಕು, ಬೇಕಾದರೆ ವಿಮೆ ಮಾಡಿಸಬೇಕು. ವಿವೇಕವುಳ್ಳ ಮಾಲೀಕ ಮಾಳಿಗೆಗೆ ಹತ್ತದೆ ಎರಡು ಮಳೆಗಾಲ ಕಳೆಯುತ್ತಾನೆಯೇ? ಬ್ಯಾಂಕಿನ ಅಧಿಕಾರಿಗೆ ಲೆಕ್ಕಪತ್ರ ಗೊತ್ತು, ಮಾಳಿಗೆ ಗೊತ್ತಿಲ್ಲ ಎನ್ನುವುದು ನಿಜ. ಆದರೆ ಓಣಿಯ ಒಬ್ಬ ಗೌಂಡಿಗೆ ತಿಂಗಳಿಗೆ ಅರ್ಧ ದಿನದ ಕೂಲಿ ಕೊಟ್ಟು ಕಿಟಕಿ ತೆರೆಸುವುದು ದೊಡ್ಡ ಖರ್ಚಲ್ಲ. ಇದು ನಮ್ಮಲ್ಲಿ ಮಾತ್ರ ಇರುವ ಪೀಡೆಯೂ ಅಲ್ಲ. ಅಮೆರಿಕದಲ್ಲಿ ಗೃಹಸಾಲಗಳು ಕುಸಿದಾಗ ಕ್ಲೀವ್‌ಲ್ಯಾಂಡ್ ನಗರದ ಆಡಳಿತ, ಪಾಳುಬಿದ್ದ ಮನೆಗಳ ಹೊರೆಯನ್ನು ಮುಂದಿಟ್ಟು 2008ರ ಜನವರಿಯಲ್ಲಿ 21 ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳ ಮೇಲೆ ದಾವೆ ಹೂಡಿತ್ತು. ದಾವೆ ನಿಲ್ಲಲಿಲ್ಲ, ಮನೆಗಳೂ ನಿಲ್ಲಲಿಲ್ಲ. ಎಷ್ಟೋ ಮನೆಗಳನ್ನು ಕೆಡವಬೇಕಾಯಿತು.

ಕೊಳ್ಳುವವರಿಗೆ ಸಮಯ ಕಡಿಮೆ. ಹರಾಜು ಗೆದ್ದ ದಿನ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಮುಂಗಡ ಸೇರಿ ಬೆಲೆಯ ಶೇಕಡಾ 25, ಮಾರಾಟ ಸ್ಥಿರವಾದ 15 ದಿನಗಳಲ್ಲಿ ಉಳಿದದ್ದು ಕಟ್ಟಬೇಕು. ಲಿಖಿತ ಒಪ್ಪಂದವಾದರೆ ಗರಿಷ್ಠ ಮೂರು ತಿಂಗಳು. ಹಳೆಯ ವಿದ್ಯುತ್ ಬಾಕಿಯನ್ನು ‘ಹೇಗಿದೆಯೋ ಹಾಗೆ’ ಕೊಂಡವರಿಂದಲೂ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಹೇಳಿರುವುದರಿಂದ ಹೆಸ್ಕಾಂ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಪರಿಶೀಲನೆಗೆ ಹೋಗುವಾಗ ಒಳ್ಳೆಯ ಟಾರ್ಚು, ಒಂದು ನೂಲುಗುಂಡು, ಮತ್ತು ಎರಡು ಕೊಡ ನೀರು ಜೊತೆಗಿರಲಿ. ಆ ಮನೆಯ ನಳದಲ್ಲಿ ನೀರು ಇರುವುದಿಲ್ಲ. ಒಂದು ಕೊಡವನ್ನು ಬಚ್ಚಲಿಗೆ ಸುರಿದು ಅದು ಎಷ್ಟು ಹೊತ್ತಿಗೆ ಇಳಿಯುತ್ತದೆಂದು ನೋಡಿ, ಇನ್ನೊಂದನ್ನು ಮಾಳಿಗೆಯ ಮೇಲೆ ಸುರಿದು ಅದು ಯಾವ ಮೂಲೆಗೆ ಓಡುತ್ತದೆಂದು ನೋಡಿ.