ದೋಣಿಯ ಸಂಸಾರ
ಮನೆಗೆಲಸದ ದಿನಚರಿಯಲ್ಲಿ ಸಾಹಿತ್ಯವೆಲ್ಲಿದೆ ಎಂದು ಕೇಳುವವರಿಗೆ ನಾನು ಆಂಗ್ಲ ಲೇಖಕ ಎಲ್. ಟಿ. ಸಿ. ರೋಲ್ಟನನ್ನು ತೋರಿಸುತ್ತೇನೆ. 1939ರಲ್ಲಿ ಆತನು ಪತ್ನಿಯೊಡನೆ ‘ಕ್ರೆಸ್ಸಿ’ ಎಂಬ ಮರದ ದೋಣಿಯನ್ನೇ ಮನೆಮಾಡಿಕೊಂಡು ಇಂಗ್ಲೆಂಡಿನ ಕಾಲುವೆಗಳಲ್ಲಿ ಹೊರಟನು. ಅಡುಗೆ ಮಾಡುವುದು, ಕಾಲುವೆಯ ಬಾಗಿಲುಗಳನ್ನು ತೆರೆದು ಮುಚ್ಚುವುದು, ದಡಕ್ಕೆ ಹಗ್ಗ ಬಿಗಿದು ಸಣ್ಣ ಊರುಗಳನ್ನು ಸುತ್ತಿಬರುವುದು, ಇಷ್ಟೇ ಅವರ ದಿನಗಳು. ಆದರೆ ರೈಲು, ಲಾರಿಗಳ ಪೈಪೋಟಿಯಲ್ಲಿ ಸೊರಗಿದ ಕಾಲುವೆಗಳನ್ನೂ ಅವುಗಳನ್ನೇ ನಂಬಿದ ದೋಣಿಗರ ಸಂಸಾರಗಳನ್ನೂ ಆತನು ಹತ್ತಿರದಿಂದ ಕಂಡನು. ಕಂಡುದು 1944ರಲ್ಲಿ ‘ನ್ಯಾರೋ ಬೋಟ್’ ಎಂಬ ಗ್ರಂಥವಾಯಿತು. ಅದನ್ನೋದಿದ ರಾಬರ್ಟ್ ಐಕ್‌ಮನ್ ಆತನೊಡನೆ ಕೈಜೋಡಿಸಲು, 1946ರಲ್ಲಿ ಜಲಮಾರ್ಗಗಳ ರಕ್ಷಣೆಗೆ ಸಂಘವೊಂದು ಹುಟ್ಟಿತು. ಸರಕುದೋಣಿಗಳ ಕಾಲ ಮುಗಿಯಿತು. ಎಷ್ಟೋ ಕಾಲುವೆಗಳು ಮಾತ್ರ ಉಳಿದುವು. ಒಂದನ್ನು ಉಳಿಸಬೇಕೆಂಬವನು ಮೊದಲು ಅದರೊಡನೆ ಬಾಳಬೇಕೆಂಬುದಕ್ಕೆ ಬೇರೆ ನಿದರ್ಶನ ಬೇಕೆ?