ತಡವಾಗಿ ಬಂದ ಮನ್ನಣೆ

ವಿಜ್ಞಾನಕ್ಕೆ ದೇಶಗಳ ಎಲ್ಲೆಯಿಲ್ಲವೆಂಬ ಮಾತು ಪ್ರಸಿದ್ಧವಾದುದು. ನಿಸರ್ಗದ ನಿಯಮಗಳ ಮಟ್ಟಿಗೆ ಅದು ನಿಜ. ಆ ನಿಯಮಗಳನ್ನು ಕಂಡುಹಿಡಿದವರಿಗೆ ದೊರೆಯುವ ಮನ್ನಣೆಯ ಮಟ್ಟಿಗೆ ಅಷ್ಟು ನಿಜವಲ್ಲ. ಲಂಡನ್ನಿನಲ್ಲೋ ಬರ್ಲಿನ್ನಿನಲ್ಲೋ ನಡೆದ ಕಾರ್ಯ ಬೇಗನೆ ಲೋಕದ ಕಣ್ಣಿಗೆ ಬೀಳುತ್ತದೆ; ದೂರದ ನಾಡಿನಲ್ಲಿ ನಡೆದ ಅಷ್ಟೇ ಸತ್ತ್ವಯುತವಾದ ಕಾರ್ಯ ಬಹುಕಾಲ ಮರೆಯಲ್ಲಿಯೇ ಉಳಿಯುವುದುಂಟು. ಬಂಗಾಳದ ಶಂಭುನಾಥ ದೇ ಅವರ ಶೋಧವೇ ಇದಕ್ಕೆ ಸಾಕ್ಷಿ.

ಕಾಲರಾ ಬಂಗಾಳವನ್ನು ಬಹುಕಾಲ ಕಾಡಿದ ವ್ಯಾಧಿ. ಅದರ ರೋಗಾಣು ಯಾವುದೆಂಬುದನ್ನು ಜರ್ಮನಿಯ ರಾಬರ್ಟ್ ಕಾಕ್ ಅವರು 1884ರಲ್ಲಿ ಕಲ್ಕತ್ತೆಯಲ್ಲಿದ್ದಾಗ ನಿಶ್ಚಯಿಸಿದರು. ಆದರೆ ಆ ರೋಗಾಣು ದೇಹದ ನೀರನ್ನು ಬಸಿದುಹಾಕುವ ಬಗೆ ಮಾತ್ರ ಮತ್ತೆ ಎಪ್ಪತ್ತು ವರ್ಷ ಸ್ಪಷ್ಟವಾಗಲಿಲ್ಲ. ಕಲ್ಕತ್ತೆಯಲ್ಲಿ ವೈದ್ಯಕೀಯ ಅಧ್ಯಾಪಕರಾಗಿದ್ದ ದೇ ಅವರು ಮೊಲದ ಸಣ್ಣಕರುಳಿನ ಒಂದು ಭಾಗವನ್ನು ಎರಡು ಕಡೆ ದಾರದಿಂದ ಬಿಗಿದು, ನಡುವೆ ರೋಗಾಣುಗಳನ್ನು ಸೇರಿಸಿದರು. ಆ ಭಾಗದಲ್ಲಿ ನೀರು ತುಂಬಿ ಕರುಳು ಉಬ್ಬಿತು. ಬಳಿಕ, ರೋಗಾಣು ಬೆಳೆದ ದ್ರವವನ್ನು ಸೋಸಿ, ಅದರಲ್ಲಿ ಒಂದೂ ರೋಗಾಣು ಉಳಿಯದಂತೆ ಮಾಡಿ ಪರೀಕ್ಷಿಸಿದಾಗಲೂ ಫಲ ಅದೇ ಆಯಿತು. ಹಾನಿ ಮಾಡುವುದು ರೋಗಾಣು ಸ್ರವಿಸುವ ವಿಷವೆಂದು ಇದರಿಂದ ಸಿದ್ಧವಾಯಿತು. ಇಷ್ಟು ಸರಳ ಸಾಧನದಿಂದ ಇಷ್ಟು ದೊಡ್ಡ ಸತ್ಯ ಹೊರಬಿದ್ದುದು ಆಶ್ಚರ್ಯವೇ ಸರಿ.

ಈ ಶೋಧವನ್ನು 1959ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯೇ ಪ್ರಕಟಿಸಿತು. ಹಾಗಿದ್ದಮೇಲೆ ಬಾಗಿಲು ಮುಚ್ಚಿತ್ತೆನ್ನುವುದು ಹೇಗೆಂದು ಕೆಲವರು ಕೇಳಬಹುದು. ಅಚ್ಚಾಗುವುದು ಬೇರೆ, ಬಲ್ಲವರ ನೆನಪಿನಲ್ಲಿ ನಿಲ್ಲುವುದು ಬೇರೆ. ಲೇಖನಗಳ ಯೋಗ್ಯತೆಯನ್ನು ನಿರ್ಣಯಿಸುವವರು, ಸಮ್ಮೇಳನಗಳಲ್ಲಿ ಒಡನಾಡುವವರು, ಪರಸ್ಪರರ ಕೃತಿಗಳನ್ನು ಉಲ್ಲೇಖಿಸುವವರು ಬಹುಮಟ್ಟಿಗೆ ಒಂದೇ ವಲಯದವರು. ಆ ವಲಯದ ಹೊರಗಿದ್ದವರ ಹೆಸರು ಸುಲಭವಾಗಿ ಜಾರಿಹೋಗುತ್ತದೆ. ಈಗ ಹಣದ ತೊಡಕೂ ಸೇರಿದೆ. ಲೇಖನವನ್ನು ಎಲ್ಲರೂ ಉಚಿತವಾಗಿ ಓದುವಂತೆ ಪ್ರಕಟಿಸಲು ಅದೇ ಪತ್ರಿಕೆ 2021ರಲ್ಲಿ ಗೊತ್ತುಪಡಿಸಿದ ಶುಲ್ಕ 9,500 ಯೂರೊ. ಸಣ್ಣ ಪ್ರಯೋಗಶಾಲೆಗೆ ಎಟುಕುವ ಮೊತ್ತವಲ್ಲ.

ಆದರೂ ಹೊರಗಿನವರನ್ನಷ್ಟೇ ದೂರುವುದು ನ್ಯಾಯವಲ್ಲ. ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ದೇ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. ಪರದೇಶದ ಮುದ್ರೆ ಬೀಳುವವರೆಗೆ ಮನೆಯ ಚಿನ್ನವನ್ನು ಒರೆಗೆ ಹಚ್ಚದಿರುವ ಈ ಅಭ್ಯಾಸ, ಪರರ ಅಲಕ್ಷ್ಯಕ್ಕಿಂತ ಕಡಿಮೆ ದೋಷವೇನಲ್ಲ. ನೊಬೆಲ್ ಪ್ರತಿಷ್ಠಾನವು 1978ರಲ್ಲಿ ತನ್ನ ವಿಚಾರಸಂಕಿರಣವೊಂದಕ್ಕೆ ಅವರನ್ನು ಆಹ್ವಾನಿಸಿದಾಗ ಅವರು ನಿವೃತ್ತರಾಗಿ ಐದು ವರ್ಷ ಕಳೆದಿತ್ತು. ಬೆಂಗಳೂರಿನಿಂದ 1932ರಿಂದಲೂ ಹೊರಡುತ್ತಿರುವ ‘ಕರೆಂಟ್ ಸೈನ್ಸ್’ ಪತ್ರಿಕೆ ಅವರ ಕಾರ್ಯವನ್ನು ಕುರಿತು ವಿಶೇಷ ಸಂಚಿಕೆ ತಂದುದು 1990ರಲ್ಲಿ. ದೇ ಅವರು 1985ರಲ್ಲಿಯೇ ತೀರಿಕೊಂಡಿದ್ದರು.