ಬಳೆಯ ನಡುವಿನ ಒಂದು ಸಂಖ್ಯೆ

ಹಿಂದೆ ಸಂಸ್ಥೆಗಳ ಲೆಕ್ಕಪತ್ರಗಳು ದಪ್ಪ ದಫ್ತರಗಳಲ್ಲಿ ಅಡಗಿರುತ್ತಿದ್ದವು. ಇಂದು ಅವು ಗಣಕಯಂತ್ರದ ಒಂದೇ ತೆರೆಯ ಮೇಲೆ ಚಿತ್ರರೂಪ ತಾಳಿ ನಿಲ್ಲುತ್ತವೆ. ಇಂತಹ ತೆರೆಗೆ ‘ಡ್ಯಾಶ್‌ಬೋರ್ಡ್’ ಎಂದು ಹೆಸರು. ಈ ಪದದ ಮೂಲ ಕುತೂಹಲಕರವಾದುದು. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಗಾಡಿಯಲ್ಲಿ ಕುಳಿತವರಿಗೆ ತಗಲದಂತೆ ಮುಂಭಾಗದಲ್ಲಿ ನಿಲ್ಲಿಸುತ್ತಿದ್ದ ಹಲಗೆಯೇ ಮೊದಲಿನ ಡ್ಯಾಶ್‌ಬೋರ್ಡ್. ಮೋಟಾರು ಬಂದಮೇಲೆ ವೇಗವನ್ನೂ ಇಂಧನವನ್ನೂ ತೋರಿಸುವ ಮಾಪಕಗಳು ಅದೇ ಸ್ಥಾನದಲ್ಲಿ ಬಂದು ಕುಳಿತವು. ಹೆಸರು ಉಳಿಯಿತು, ಕೆಲಸ ಬದಲಾಯಿತು. ಓಡಿಸುವವನು ತಿಳಿಯಲೇಬೇಕಾದುದನ್ನು ಒಂದೇ ನೋಟಕ್ಕೆ ತಿಳಿಸುವುದು ಅದರ ಧರ್ಮ.

ನಮ್ಮ ಕುಟುಂಬಗಳ ಎಷ್ಟೋ ಮಕ್ಕಳು ಇಂದು ಬ್ಯಾಂಕು, ಆಸ್ಪತ್ರೆ, ಶಾಲೆ, ಸಹಕಾರ ಸಂಘಗಳಲ್ಲಿ ಇಂತಹ ತೆರೆಗಳನ್ನು ಸಿದ್ಧಪಡಿಸುತ್ತಾರೆ. ಹಿರಿಯರು ಅವನ್ನು ನೋಡಿ ನಿರ್ಣಯ ಕೈಗೊಳ್ಳುತ್ತಾರೆ. ಅಲ್ಲಿ ಪದೇ ಪದೇ ಕಾಣುವ ಆಕೃತಿಯೊಂದಿದೆ: ಬಳೆಯಂತಹ ವೃತ್ತ, ಅದರ ಸ್ವಲ್ಪ ಭಾಗಕ್ಕೆ ಗಾಢವಾದ ಬಣ್ಣ, ನಡುವಿನ ಬಯಲಿನಲ್ಲಿ ಒಂದು ದೊಡ್ಡ ಸಂಖ್ಯೆ. ‘ಡೋನಟ್ ಚಾರ್ಟ್’ ಎಂಬ ಅದರ ಹೆಸರು ಒಂದು ಪರದೇಶದ ತಿಂಡಿಯಿಂದ ಬಂದುದು. ನಮ್ಮ ಉದ್ದಿನವಡೆಯನ್ನು ನೆನೆದರೆ ಆಕಾರ ಕಣ್ಣಿಗೆ ಕಟ್ಟುತ್ತದೆ. ಇಲ್ಲಿ ಅದನ್ನು ಬಳೆಚಿತ್ರವೆಂದು ಕರೆಯೋಣ.

ವೃತ್ತವನ್ನು ಹೋಳುಗಳಾಗಿ ಸೀಳಿ ಪಾಲುಗಳನ್ನು ತೋರಿಸುವ ಕ್ರಮವನ್ನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1801ರಲ್ಲಿ ತನ್ನ ಗ್ರಂಥವೊಂದರಲ್ಲಿ ಬಳಕೆಗೆ ತಂದನು. ಆ ವೃತ್ತದ ನಡುಭಾಗವನ್ನು ತೆಗೆದರೆ ಬಳೆಚಿತ್ರವಾಗುತ್ತದೆ. ನಡುವನ್ನು ತೆಗೆದರೆ ಕೋನ ಕಾಣದೆ ಓದುಗನಿಗೆ ತೊಡಕಾಗದೇ ಎಂಬ ಶಂಕೆ ಸಹಜ. ಡ್ರೂ ಸ್ಕಾವ್ ಮತ್ತು ರಾಬರ್ಟ್ ಕೊಸಾರಾ ಎಂಬ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಾಗೇನೂ ಕಾಣಲಿಲ್ಲ. ನಡುಭಾಗವಿಲ್ಲದಿದ್ದರೂ ಜನರು ಪಾಲನ್ನು ಅಷ್ಟೇ ಸರಿಯಾಗಿ ಅಂದಾಜು ಮಾಡಿದರು. ಹೀಗಾಗಿ ಖಾಲಿಯಾದ ಆ ನಡುವು ಸಂಖ್ಯೆಗೆ ತಕ್ಕ ಪೀಠವಾಗುತ್ತದೆ.

ಒಂದು ಉದಾಹರಣೆ ನೋಡೋಣ. 2011ರ ಜನಗಣತಿಯಂತೆ ಕರ್ನಾಟಕದ ಸ್ತ್ರೀಯರ ಸಾಕ್ಷರತೆ ಶೇಕಡಾ 68.08. ಪೂರ್ಣ ವೃತ್ತಕ್ಕೆ 360 ಡಿಗ್ರಿ. ಶೇಕಡಾ ಒಂದಕ್ಕೆ 3.6 ಡಿಗ್ರಿ. ಆದುದರಿಂದ ಬಣ್ಣದ ಭಾಗ ಸುಮಾರು 245 ಡಿಗ್ರಿಯಷ್ಟು ಸುತ್ತಬೇಕು. ಗಡಿಯಾರದಲ್ಲಿ ಹನ್ನೆರಡು ಇರುವ ತಾಣದಿಂದ ಆರಂಭಿಸಿ, ಮುಳ್ಳು ತಿರುಗುವ ದಿಕ್ಕಿನಲ್ಲೇ ಸಾಗಿದರೆ ಕಣ್ಣಿಗೆ ಅದು ಪರಿಚಿತ ದಾರಿ. ಉಳಿದ ಭಾಗ ತಿಳಿಬೂದು ಬಣ್ಣದಲ್ಲಿರಲಿ. ಕೆಂಪು ಹಸಿರುಗಳ ಭೇದ ಕಾಣದವರು ಸಮಾಜದಲ್ಲಿ ಇದ್ದಾರೆ, ಪುರುಷರಲ್ಲಿ ಹೆಚ್ಚು. ಆದುದರಿಂದ ವರ್ಣಭೇದವನ್ನಷ್ಟೇ ನಂಬದೆ ಗಾಢ ಮತ್ತು ತಿಳಿ ಎಂಬ ಅಂತರವನ್ನು ಕಾಯ್ದುಕೊಳ್ಳಬೇಕು. ನಡುವಿನಲ್ಲಿ 68 ಎಂದು ಬರೆದರೆ ಸಾಕು. ದಶಾಂಶದ ಆ ಎಂಟನ್ನು ಬಳೆಯಲ್ಲಿ ಯಾವ ಕಣ್ಣೂ ಗುರುತಿಸಲಾರದು.

ಆದರೆ ಸಂಖ್ಯೆ ಯಾವುದರ ಪಾಲು ಎಂಬುದನ್ನು ಹೇಳದಿದ್ದರೆ ಚಿತ್ರ ಮೌನವಾಗಿ ಸುಳ್ಳಾಡುತ್ತದೆ. 1991ರಿಂದ ಜನಗಣತಿಯು ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರನ್ನು ಮಾತ್ರ ಈ ಲೆಕ್ಕಕ್ಕೆ ತೆಗೆದುಕೊಂಡಿದೆ. ಯಾವುದಾದರೊಂದು ಭಾಷೆಯನ್ನು ಅರ್ಥ ತಿಳಿದು ಓದಿ ಬರೆಯಬಲ್ಲವರೇ ಅಲ್ಲಿ ಸಾಕ್ಷರರು. ಬರಿಯ ಸಹಿ ಸಾಲದು. ‘ಏಳು ವರ್ಷ ಮೇಲ್ಪಟ್ಟ ಸ್ತ್ರೀಯರಲ್ಲಿ ಸಾಕ್ಷರರು, 2011’ ಎಂಬ ಒಂದು ಸಾಲು ಕೆಳಗಿರಲೇಬೇಕು. ಇಸವಿಯಿಲ್ಲದ ಸಂಖ್ಯೆ ಹಳತಾದರೂ ಹೊಸತೆಂಬಂತೆ ತೋರುತ್ತದೆ.

ಬಳೆಚಿತ್ರಕ್ಕೆ ತನ್ನದೇ ಎಲ್ಲೆಯಿದೆ. ಒಂದು ಪೂರ್ಣದ ಒಂದು ಪಾಲನ್ನು ಹೇಳಲು ಅದು ಸಮರ್ಥ. ಜ್ವರದ ತಾಪ, ಬಂಗಾರದ ದರ ಇವು ಯಾವ ಪೂರ್ಣದ ಪಾಲೂ ಅಲ್ಲ. ಅವನ್ನು ಬಳೆಯಲ್ಲಿ ಕೂರಿಸುವುದು ಅಸಂಗತ. ಅದೇ ಜನಗಣತಿಯಲ್ಲಿ ಪುರುಷರ ಸಾಕ್ಷರತೆ ಶೇಕಡಾ 82.47. ಸ್ತ್ರೀಪುರುಷರ ಅಂತರ ತೋರಿಸಬೇಕಾದರೆ ಎರಡು ಬಳೆಗಳಿಗಿಂತ ಒಂದೇ ನೆಲೆಯಿಂದ ಎದ್ದ ಎರಡು ಕಂಬಗಳು ಲೇಸು. ಸ್ತ್ರೀಸಾಕ್ಷರತೆ 1991ರಲ್ಲಿ 44.34, 2001ರಲ್ಲಿ 56.87, 2011ರಲ್ಲಿ 68.08 ಎಂದು ಏರಿದ ಕಥೆಯನ್ನು ಹೇಳಲು ಗೆರೆಯೇ ಸರಿಯಾದ ಸಾಧನ.

ಇನ್ನು ಮುಖ್ಯವಾದ ಮಾತು. ಬಣ್ಣವನ್ನು ಯಾವ ಭಾಗಕ್ಕೆ ಹಚ್ಚಬೇಕು? 68ಕ್ಕೆ ಹಚ್ಚಿದರೆ ಚಿತ್ರವು ಸಾಧನೆಯನ್ನು ಸಾರುತ್ತದೆ. ಉಳಿದ 32ಕ್ಕೆ ಹಚ್ಚಿ ನಡುವೆ 32 ಎಂದು ಬರೆದರೆ ಅದೇ ಚಿತ್ರ ಕರ್ತವ್ಯವನ್ನು ನೆನಪಿಸುತ್ತದೆ. ಎರಡೂ ಸತ್ಯವೇ. ಮೊದಲನೆಯದನ್ನು ನೋಡಿದ ಅಧಿಕಾರಿ ಸಮಾಧಾನಪಟ್ಟು ಮುಂದಿನ ತೆರೆಗೆ ಸಾಗಬಹುದು. ಎರಡನೆಯದನ್ನು ನೋಡಿದವನು ಯಾವ ಊರಿನಲ್ಲಿ, ಯಾವ ವಯಸ್ಸಿನವರು ಎಂದು ಕೇಳಬಹುದು. ಆ ಒಂದು ಪ್ರಶ್ನೆಯಿಂದ ಒಂದು ಹಳ್ಳಿಗೆ ರಾತ್ರಿಶಾಲೆ ಬಂದರೂ ಬರಬಹುದು. ಒಂದೇ ಸಂಖ್ಯೆಯನ್ನು ಎತ್ತಿ ತೋರಿಸುವುದೆಂದರೆ ಮಿಕ್ಕುದನ್ನೆಲ್ಲ ಹಿಂದೆ ಸರಿಸುವುದು ಎಂದೇ ಅರ್ಥ. ಆದುದರಿಂದ ಚಿತ್ರ ಬರೆಯುವವರು ಬಣ್ಣವನ್ನು ಆರಿಸುವ ಮುನ್ನ, ಇದನ್ನು ನೋಡಿದವರು ಏನು ಮಾಡಬೇಕೆಂದು ನಾವು ಬಯಸುತ್ತೇವೆ ಎಂದು ತಮ್ಮನ್ನೇ ಕೇಳಿಕೊಳ್ಳಬೇಕು.

ನೋಡುವವರಿಗೂ ಒಂದು ಹೊಣೆಯುಂಟು. ಹೊಳೆಯುವ ಸಂಖ್ಯೆಯನ್ನು ಓದಿದ ಕಣ್ಣು ಬೂದುಬಣ್ಣದ ಭಾಗದಲ್ಲೂ ಕ್ಷಣಕಾಲ ನಿಲ್ಲಬೇಕು. ಅಲ್ಲಿ ಹೆಸರಿಲ್ಲ, ಅಂಕಿಯಿಲ್ಲ. ಆದರೆ ಅಲ್ಲಿರುವುದೂ ಜನರೇ. ಪತ್ರ ಬಂದರೆ ಓದಿಸಿಕೊಳ್ಳಲು ನೆರೆಮನೆಯ ಬಾಗಿಲು ತಟ್ಟುವ ತಾಯಂದಿರು ಆ 115 ಡಿಗ್ರಿಯೊಳಗೇ ಇದ್ದಾರೆ.